ಕಿವಿಗೆ ಬಿದ್ದರೆ ಹಿಯರ್, ಕಿವಿ ಕೊಟ್ಟರೆ ಲಿಸನ್: ಎರಡು ಇಂಗ್ಲಿಷ್ ಪದಗಳನ್ನು ಸರಿಯಾಗಿ ಬಳಸುವ ಬಗೆ

ನನ್ನ ವಿದ್ಯಾರ್ಥಿಯೊಬ್ಬ ತುಮಕೂರು ರೈಲು ನಿಲ್ದಾಣದಲ್ಲಿ ನಿಂತುಕೊಂಡೇ ಫೋನಿನಲ್ಲಿ ಇಂಟರ್‌ವ್ಯೂ ಕೊಟ್ಟಿದ್ದ. ಬೆಂಗಳೂರಿನ ಕೆಲಸ, ಮೊದಲನೇ ಅವಕಾಶ. ಅರ್ಧ ಮಾತು ಆಗಿತ್ತು, ಅಷ್ಟರಲ್ಲಿ ರೈಲು ಬಂತು. ಆ ಕಡೆಯವರ ಮಾತು ಒಂದೂ ಕೇಳಿಸಲಿಲ್ಲ. ಹುಡುಗ ಗಾಬರಿಯಲ್ಲಿ, "ಸಾರಿ ಸರ್, ಐ ಆಮ್ ನಾಟ್ ಲಿಸನಿಂಗ್ ಟು ಯೂ" ಅಂದುಬಿಟ್ಟ. ಆ ಕಡೆ ಒಂದು ಕ್ಷಣ ಮಾತೇ ಇಲ್ಲ. ಆಮೇಲೆ ಫೋನು ಇಟ್ಟರು. ಮತ್ತೆ ಕರೆ ಬರಲಿಲ್ಲ.

ಅವನು ಹೇಳಹೊರಟಿದ್ದು "ಕೇಳಿಸ್ತಾ ಇಲ್ಲ ಸರ್" ಅಂತ. ಅವರಿಗೆ ತಲುಪಿದ್ದು "ನೀವು ಹೇಳೋದನ್ನ ನಾನು ಗಮನ ಕೊಟ್ಟು ಕೇಳ್ತಾ ಇಲ್ಲ" ಅಂತ. ಕೆಲಸ ಕೈ ತಪ್ಪಿದ್ದು ಇದೊಂದೇ ಕಾರಣಕ್ಕೆ ಅಂತ ನಾನು ಹೇಳಲಾರೆ. ಆದರೆ ಆ ಸಂಜೆ ಅವನು ನಮ್ಮ ಮನೆ ಜಗಲಿಯಲ್ಲಿ ಕೂತು, "ಮಿಸ್, ನಾನು ಏನು ತಪ್ಪು ಹೇಳಿದೆ?" ಅಂತ ಕೇಳಿದ್ದು ಇವತ್ತಿಗೂ ಮನಸ್ಸಿನಲ್ಲಿದೆ. ವ್ಯಾಕರಣದ ಲೆಕ್ಕದಲ್ಲಿ ಆ ವಾಕ್ಯದಲ್ಲಿ ಒಂದು ತಪ್ಪೂ ಇಲ್ಲ. ಪದ ಮಾತ್ರ ಬೇರೆಯದು.

ಹಿಯರ್ ಮತ್ತು ಲಿಸನ್ ನಡುವಿನ ವ್ಯತ್ಯಾಸವನ್ನು ಇಂಗ್ಲಿಷ್ ಪುಸ್ತಕಗಳು ಎರಡು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಮಾತಾಡುವಾಗ ಮರೆಯುತ್ತಾರೆ. ಈ ವ್ಯತ್ಯಾಸ ನಮ್ಮ ಕನ್ನಡದಲ್ಲಿ ಆಗಲೇ ಇದೆ, ದಿನಾ ತಪ್ಪಿಲ್ಲದೆ ಬಳಸುತ್ತಲೂ ಇದ್ದೇವೆ. ಅದನ್ನು ಹಿಡಿದುಕೊಂಡು ಇಂಗ್ಲಿಷಿಗೆ ದಾಟುವುದೇ ಸುಲಭ. ಸಂಜೆ ತರಗತಿಯಲ್ಲಿ ನಾನು ಹೇಳಿಕೊಡುವ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ. ಒಂದು ನೋಟ್‌ಬುಕ್ಕು, ಪೆನ್ನು ಇಟ್ಟುಕೊಳ್ಳಿ.

ಹೆಜ್ಜೆ 1: ಮೊದಲು ನಮ್ಮ ‘ಕೇಳು’ವನ್ನು ಬಿಡಿಸಿ

ಗೊಂದಲ ಶುರುವಾಗುವುದೇ ಇಲ್ಲಿ. ‘ಕೇಳು’ ಅನ್ನುವ ಒಂದೇ ಪದ ನಮ್ಮಲ್ಲಿ ಮೂರು ಕೆಲಸ ಮಾಡುತ್ತದೆ. ಈ ಮೂರು ಸಾಲು ಬರೆದುಕೊಳ್ಳಿ:

ರಾತ್ರಿ ಏನೋ ಸದ್ದು ಕೇಳಿತು.
ಕೂತು ಹರಿಕಥೆ ಕೇಳಿದೆ.
ಅಂಗಡಿಯಲ್ಲಿ ಟೊಮೆಟೊ ರೇಟು ಕೇಳಿದೆ.

ಮೊದಲನೆಯದು ಹಿಯರ್. ಎರಡನೆಯದು ಲಿಸನ್. ಮೂರನೆಯದು ಎರಡೂ ಅಲ್ಲ, ಆಸ್ಕ್. ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ಪದ. ಹಾಗಾಗಿ ‘ಕೇಳು’ ಬಂದ ತಕ್ಷಣ ನಿಲ್ಲಿ. ಬಾಯಿಂದ ಪ್ರಶ್ನೆ ಹೊರಗೆ ಹೋಯಿತಾ, ಕಿವಿಗೆ ಮಾತು ಒಳಗೆ ಬಂತಾ? ಹೊರಗೆ ಹೋದರೆ ಆಸ್ಕ್, ಅದನ್ನು ಪಕ್ಕಕ್ಕಿಡಿ. "ನನ್ನನ್ನು ಕೇಳು" ಅಂದರೆ ಆಸ್ಕ್ ಮಿ. "ನನ್ನ ಮಾತು ಕೇಳು" ಅಂದರೆ ಲಿಸನ್ ಟು ಮಿ. ಒಳಗೆ ಬಂದದ್ದಾದರೆ ಮುಂದಿನ ಹೆಜ್ಜೆಗೆ ಬನ್ನಿ.

ಹೆಜ್ಜೆ 2: ವಾಕ್ಯದಲ್ಲಿ ‘ನನಗೆ’ ಇದೆಯಾ, ‘ನಾನು’ ಇದೆಯಾ ನೋಡಿ

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಕನ್ನಡದಲ್ಲಿ ತಾನಾಗಿಯೇ ನಮಗೆ ಆಗುವುದನ್ನು ‘ನನಗೆ’ ಹಾಕಿ ಹೇಳುತ್ತೇವೆ. ನನಗೆ ಹಸಿವಾಯಿತು, ನನಗೆ ನೆನಪಾಯಿತು, ನನಗೆ ಕಾಣಿಸಿತು, ನನಗೆ ಕೇಳಿಸಿತು. ನಾವೇ ಮನಸ್ಸಿಟ್ಟು ಮಾಡುವುದನ್ನು ‘ನಾನು’ ಹಾಕಿ ಹೇಳುತ್ತೇವೆ. ನಾನು ತಿಂದೆ, ನಾನು ನೆನಪು ಮಾಡಿಕೊಂಡೆ, ನಾನು ನೋಡಿದೆ, ನಾನು ಕೇಳಿದೆ. ಯಾರೂ ಹೇಳಿಕೊಡದೆ ಮೂರು ವರ್ಷದ ಮಗುವೂ ಇದನ್ನು ಸರಿಯಾಗಿ ಹೇಳುತ್ತದೆ, ಅಲ್ವಾ?

ಇಂಗ್ಲಿಷಿನಲ್ಲಿ ಎರಡಕ್ಕೂ ‘ಐ’ ಒಂದೇ. ಅಲ್ಲಿ ‘ನನಗೆ’ಗೂ ‘ನಾನು’ವಿಗೂ ಬೇರೆ ಜಾಗ ಇಲ್ಲ. ಅದಕ್ಕೇ ಆ ವ್ಯತ್ಯಾಸವನ್ನು ಕ್ರಿಯಾಪದವೇ ಹೊರಬೇಕಾಗುತ್ತದೆ. ‘ನನಗೆ’ ಅನ್ನುವ ಕಡೆ ಹಿಯರ್, ‘ನಾನು’ ಅನ್ನುವ ಕಡೆ ಲಿಸನ್. ಕಣ್ಣಿನ ವಿಷಯದಲ್ಲೂ ಹೀಗೇ: ‘ನನಗೆ ಕಾಣಿಸಿತು’ ಅಂದರೆ ಸೀ, ‘ನಾನು ನೋಡಿದೆ’ ಅಂದರೆ ಲುಕ್ ಅಥವಾ ವಾಚ್.

ಒಂದು ಸಂಜೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕ್ಯಾತ್ಸಂದ್ರದ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಕೂತು ಪ್ರಾರ್ಥನೆ ಮಾಡುತ್ತಾರೆ. ನೀವು ಬೆಟ್ಟದ ಮೆಟ್ಟಿಲು ಇಳಿಯುತ್ತಿದ್ದೀರಿ, ಮನಸ್ಸು ಮನೆ ಕೆಲಸದ ಮೇಲಿದೆ. ಇದ್ದಕ್ಕಿದ್ದಂತೆ ಆ ದನಿ ಕಿವಿಗೆ ಬೀಳುತ್ತದೆ. ನೀವು ಅದನ್ನು ಹುಡುಕಿಕೊಂಡು ಹೋಗಿಲ್ಲ, ಅದೇ ಬಂತು. ನಿಮಗೆ ಕೇಳಿಸಿತು. ಐ ಹರ್ಡ್ ದ ಪ್ರೇಯರ್. ಈಗ ನೀವು ಮೆಟ್ಟಿಲ ಮೇಲೆ ಕೂರುತ್ತೀರಿ. ಮಾತು ನಿಲ್ಲಿಸುತ್ತೀರಿ. ಒಂದೊಂದು ಸಾಲಿಗೂ ಮನಸ್ಸು ಕೊಡುತ್ತೀರಿ. ಐ ಸ್ಯಾಟ್ ಡೌನ್ ಆಂಡ್ ಲಿಸನ್ಡ್ ಟು ದ ಪ್ರೇಯರ್. ದನಿ ಅದೇ, ಕಿವಿ ಅದೇ. ನೀವು ಕೂತದ್ದರಿಂದ ಪದ ಬದಲಾಯಿತು.

‘ಕೇಳಿಸು’ ಬಂದರೆ ಹಿಯರ್, ‘ಕೇಳು’ ಬಂದರೆ ಲಿಸನ್ ಅಂತ ಕೆಲವರು ಹೇಳಿಕೊಡುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. "ನಿಂಗೆ ಕೇಳ್ತಾ?" ಅಂತ ನಾವು ಕೂಗುತ್ತೇವಲ್ಲ, ಅದರಲ್ಲಿ ‘ಕೇಳಿಸು’ ಇಲ್ಲ, ಆದರೂ ಅದು ಹಿಯರ್. "ಸರಿಯಾಗಿ ಕೇಳಿಸ್ಕೋ" ಅನ್ನುವುದರಲ್ಲಿ ‘ಕೇಳಿಸು’ ಇದೆ, ಆದರೂ ಅದು ಲಿಸನ್. ‘ಕೊಳ್ಳು’ ಸೇರಿದ ಕೂಡಲೇ ಅದು ನಾವು ಮಾಡುವ ಕೆಲಸವಾಯಿತು. ಕ್ರಿಯಾಪದದ ವೇಷ ನೋಡಬೇಡಿ, ‘ನನಗೆ’ಯೋ ‘ನಾನು’ವೋ ಅನ್ನುವುದನ್ನು ನೋಡಿ.

ಇನ್ನೂ ಸುಲಭದ ಗುರುತು ಬೇಕಾದರೆ ತಲೆಬರಹದಲ್ಲಿದೆ. ಕಿವಿಗೆ ಬಿದ್ದದ್ದು ಹಿಯರ್. ಕಿವಿ ಕೊಟ್ಟದ್ದು ಲಿಸನ್.

ಹೆಜ್ಜೆ 3: ಲಿಸನ್ ಜೊತೆ ‘ಟು’ ಕಟ್ಟಿ

"ಐ ಲಿಸನ್ ಮ್ಯೂಸಿಕ್." ತರಗತಿಗೆ ಹೊಸದಾಗಿ ಬಂದವರಲ್ಲಿ ಜಾಸ್ತಿ ಕೇಳುವ ತಪ್ಪು ಇದು. ಲಿಸನ್ ಆದಮೇಲೆ ಏನನ್ನು ಕೇಳಿದಿರಿ ಅಂತ ಹೇಳುವುದಾದರೆ ‘ಟು’ ಬೇಕೇ ಬೇಕು. ಲಿಸನ್ ಟು ಮ್ಯೂಸಿಕ್, ಲಿಸನ್ ಟು ಯುವರ್ ಮದರ್. ಹಿಯರ್‌ಗೆ ಅದು ಬೇಡ. ಐ ಹರ್ಡ್ ಎ ಸೌಂಡ್, ಅಷ್ಟೇ.

ಈ ತಪ್ಪು ಯಾಕೆ ಆಗುತ್ತದೆ ಗೊತ್ತಾ? ನಾವು ‘ಹಾಡಿಗೆ ಕೇಳಿದೆ’ ಅನ್ನುವುದಿಲ್ಲ, ‘ಹಾಡು ಕೇಳಿದೆ’ ಅನ್ನುತ್ತೇವೆ. ‘ಗೆ’ ಇಲ್ಲದ ಕಡೆ ‘ಟು’ ನೆನಪಾಗುವುದಿಲ್ಲ. ಇದರ ತಿರುಗಾಮುರುಗ ಆಸ್ಕ್ ವಿಷಯದಲ್ಲಿ ಆಗುತ್ತದೆ. ‘ಸರ್‌ಗೆ ಕೇಳಿದೆ’ ಅನ್ನುವ ರೂಢಿ ಇರುವುದರಿಂದ "ಐ ಆಸ್ಕ್ಡ್ ಟು ಸರ್" ಅಂದುಬಿಡುತ್ತಾರೆ. ಅಲ್ಲಿ ‘ಟು’ ಬೇಡ, ಐ ಆಸ್ಕ್ಡ್ ಸರ್. ಅಂದರೆ ಬೇಕಾದ ಕಡೆ ಬಿಡುತ್ತೇವೆ, ಬೇಡದ ಕಡೆ ಹಾಕುತ್ತೇವೆ.

ಇದಕ್ಕೂ ಪರಿಹಾರ ಕನ್ನಡದಲ್ಲೇ ಇದೆ. ಲಿಸನ್ ಅನ್ನು ‘ಕೇಳು’ ಅಂತ ಕಲಿಯಬೇಡಿ, ‘ಕಿವಿ ಕೊಡು’ ಅಂತ ಕಲಿಯಿರಿ. ಹಾಡಿಗೆ ಕಿವಿ ಕೊಡು, ಮಾತಿಗೆ ಕಿವಿ ಕೊಡು. ಈಗ ‘ಗೆ’ ತಾನಾಗಿ ಬಂತು ನೋಡಿ, ‘ಟು’ ಕೂಡ ಅದರ ಹಿಂದೆಯೇ ಬರುತ್ತದೆ. ಸುಮ್ನೆ "ಕೇಳು!" ಅಂತ ಒಂದೇ ಮಾತಿನಲ್ಲಿ ಹೇಳುವಾಗ ಮಾತ್ರ "ಲಿಸನ್!" ಸಾಕು.

ಹೆಜ್ಜೆ 4: ‘ಕೇಳಿಸ್ತಾ ಇದೆ’ ಬಂದಾಗ ‘ಕ್ಯಾನ್’ ಹಾಕಿ

‘ತಾ ಇದೆ’ ಅಂದರೆ ‘ಐಎನ್‌ಜಿ’ ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ಹಾಗಾಗಿ "ನನಗೆ ಕೇಳಿಸ್ತಾ ಇದೆ" ಅನ್ನುವುದು "ಐ ಆಮ್ ಹಿಯರಿಂಗ್" ಆಗುತ್ತದೆ. ಫೋನಿನಲ್ಲಿ "ಆರ್ ಯೂ ಹಿಯರಿಂಗ್ ಮಿ?" ಅಂತ ಕೂಗುತ್ತೇವೆ. ಅರ್ಥವಾಗುತ್ತದೆ, ಆದರೆ ಇಂಗ್ಲಿಷಿನ ಸಹಜ ಮಾತು ಅದಲ್ಲ. ಅವರು ಇದನ್ನು ಒಂದು ಸಾಧ್ಯತೆಯ ಹಾಗೆ ಹೇಳುತ್ತಾರೆ: ಕ್ಯಾನ್ ಯೂ ಹಿಯರ್ ಮಿ? ಯೆಸ್, ಐ ಕ್ಯಾನ್ ಹಿಯರ್ ಯೂ.

ಹಿಂದೆ ನಡೆದದ್ದಾದರೆ ಎರಡು ದಾರಿ. ಒಂದೇ ಸಲ ಆಗಿ ಮುಗಿದ ಸದ್ದಿಗೆ ಹರ್ಡ್. "ಢಮ್ ಅಂತ ಸದ್ದು ಕೇಳಿಸಿತು" ಅಂದರೆ ಐ ಹರ್ಡ್ ಎ ಬ್ಯಾಂಗ್. ಎಳೆದುಕೊಂಡು ಹೋದ ಸದ್ದಿಗೆ ಕುಡ್ ಹಿಯರ್. "ರಾತ್ರಿಯೆಲ್ಲ ಮಳೆ ಸದ್ದು ಕೇಳಿಸ್ತಾ ಇತ್ತು" ಅಂದರೆ ಐ ಕುಡ್ ಹಿಯರ್ ದ ರೇನ್ ಆಲ್ ನೈಟ್.

ಗುಬ್ಬಿಯ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಆಗಿನ ರಂಗಕ್ಕೆ ಮೈಕು ಇಲ್ಲ. ಕೊನೇ ಸಾಲಿನಲ್ಲಿ ಕೂತವರಿಗೂ ಮಾತು ಕೇಳಿಸಬೇಕಾದರೆ ನಟರು ಎದೆಯಿಂದ ದನಿ ಎತ್ತಬೇಕಿತ್ತು. ಇದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ: ಈವನ್ ಪೀಪಲ್ ಇನ್ ದ ಲಾಸ್ಟ್ ರೋ ಕುಡ್ ಹಿಯರ್ ದ ಆಕ್ಟರ್ಸ್. ಜನ ನಿದ್ದೆಗೆಟ್ಟು ಕೂತು ಕೇಳಿದರು ಅನ್ನಬೇಕಾದರೆ: ದೆ ಲಿಸನ್ಡ್ ಟಿಲ್ ಮಾರ್ನಿಂಗ್. ದನಿ ಮುಟ್ಟಿಸುವುದು ನಟರ ಪಾಲು, ಕಿವಿ ಕೊಡುವುದು ಜನರ ಪಾಲು.

ಲಿಸನ್‌ಗೆ ಈ ಕಟ್ಟು ಇಲ್ಲ. ಅದು ನಾವು ಮಾಡುವ ಕೆಲಸ, ಹಾಗಾಗಿ "ಐ ಆಮ್ ಲಿಸನಿಂಗ್" ಆರಾಮಾಗಿ ಹೇಳಬಹುದು. ‘ಹೇಳಿ, ಕೇಳ್ತಾ ಇದ್ದೀನಿ’ ಅನ್ನುವುದಕ್ಕೆ ಅದೇ ಸರಿಯಾದ ಮಾತು.

ಇನ್ನೊಂದು ಸೂಕ್ಷ್ಮ. "ರೈಲು ಹೋದದ್ದು ಕೇಳಿಸಿತು" ಅಂದರೆ ಐ ಹರ್ಡ್ ದ ಟ್ರೈನ್ ಲೀವ್. ಪೂರ್ತಿ ಕೇಳಿಸಿತು, ರೈಲು ಹೋಯಿತು. "ರೈಲು ಹೋಗ್ತಾ ಇದ್ದದ್ದು ಕೇಳಿಸಿತು" ಅಂದರೆ ಐ ಹರ್ಡ್ ದ ಟ್ರೈನ್ ಲೀವಿಂಗ್. ನಡುವೆ ಒಂದು ತುಣುಕು ಕಿವಿಗೆ ಬಿತ್ತು. ‘ಹೋದದ್ದು’, ‘ಹೋಗ್ತಾ ಇದ್ದದ್ದು’ ನಡುವಿನ ಅಂತರ ನಿಮಗೆ ಗೊತ್ತಿದ್ದರೆ ಇದೂ ಗೊತ್ತಿದ್ದ ಹಾಗೇ.

ಹೆಜ್ಜೆ 5: ‘ನನಗೆ, ನಾನು’ ಪರೀಕ್ಷೆ ಕೈಕೊಡುವ ಜಾಗಗಳು

ಇವು ಇದ್ದೇ ಇವೆ, ಮುಚ್ಚಿಡುವುದು ಸರಿಯಲ್ಲ.

ಮೊದಲನೆಯದು ಸುದ್ದಿ. "ನಾನು ಆ ಊರಿನ ಹೆಸರು ಕೇಳಿದ್ದೀನಿ" ಅನ್ನುತ್ತೇವೆ. ‘ನಾನು’ ಇದೆ, ಆದರೂ ಇಂಗ್ಲಿಷಿನಲ್ಲಿ ಹಿಯರ್: ಐ ಹ್ಯಾವ್ ಹರ್ಡ್ ಆಫ್ ದಟ್ ಪ್ಲೇಸ್. ಮಾಹಿತಿ ಬಂದು ತಲುಪಿದ್ದರೆ ಅದು ಹಿಯರ್ ಪಾಲು. ಹಿಯರ್ ಆಫ್ ಅಂದರೆ ಅಂಥದ್ದೊಂದು ಇದೆ ಅಂತ ಗೊತ್ತು. ಹಿಯರ್ ಅಬೌಟ್ ಅಂದರೆ ಅದರ ವಿವರ ತಿಳಿಯಿತು. ಹಿಯರ್ ಫ್ರಮ್ ಅಂದರೆ ಅವರಿಂದ ಪತ್ರವೋ ಫೋನೋ ಬಂತು. ಅರ್ಜಿಯ ಕೊನೆಯಲ್ಲಿ "ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯೂ" ಅಂತ ಬರೆಯುತ್ತಾರಲ್ಲ, ಅಲ್ಲಿ ಕಿವಿಗೆ ಕೆಲಸವೇ ಇಲ್ಲ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ ಅಂತ ಅರ್ಥ. ಅಲ್ಲಿ ‘ಟು ಹಿಯರ್’ ಅಂತ ಬರೆಯಬೇಡಿ, ‘ಟು ಹಿಯರಿಂಗ್’ ಅಂತಲೇ ಬರೆಯಿರಿ.

ಇಲ್ಲೇ ನನಗೆ ತುಂಬಾ ಇಷ್ಟವಾದ ಒಂದು ಹೊಂದಾಣಿಕೆ ಇದೆ. ನಮ್ಮ ‘ಅಂತೆ’. "ತಿಪಟೂರಲ್ಲಿ ಕೊಬ್ಬರಿ ರೇಟು ಏರಿದೆಯಂತೆ." ನಾನು ಕಣ್ಣಾರೆ ನೋಡಿಲ್ಲ, ಯಾರೋ ಹೇಳಿದರು ಅನ್ನುವುದಷ್ಟನ್ನೂ ಆ ಎರಡಕ್ಷರ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ‘ಐ ಹಿಯರ್’ ಅಂತ ಮುಂದೆ ಇಡುತ್ತಾರೆ: ಐ ಹಿಯರ್ ಕೊಪ್ರಾ ಪ್ರೈಸಸ್ ಹ್ಯಾವ್ ಗಾನ್ ಅಪ್ ಇನ್ ತಿಪಟೂರ್. ‘ಅಂತೆ’ಗೆ ಇಂಗ್ಲಿಷ್ ಇಲ್ಲ ಅಂತ ಹೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಎರಡನೆಯದು ಪೂರ್ತಿ ಕಾರ್ಯಕ್ರಮ. ಭಾಷಣ, ಕಛೇರಿ, ನಾಟಕ ಇವನ್ನು ಮನಸ್ಸಿಟ್ಟೇ ಕೇಳಿರುತ್ತೇವೆ. ಆದರೂ ಅನುಭವವನ್ನು ಒಟ್ಟಾರೆ ಹೇಳುವಾಗ ಹಿಯರ್ ಬರುತ್ತದೆ. "ನಮ್ಮ ತಾತ ಗುಬ್ಬಿ ವೀರಣ್ಣನವರ ಮಾತನ್ನು ರಂಗದ ಮೇಲೆ ಕೇಳಿದ್ದರು" ಅಂದರೆ ಮೈ ಗ್ರ್ಯಾಂಡ್‌ಫಾದರ್ ಹ್ಯಾಡ್ ಹರ್ಡ್ ಗುಬ್ಬಿ ವೀರಣ್ಣ ಆನ್ ಸ್ಟೇಜ್. ರೇಡಿಯೊದಲ್ಲಿ, ಫೋನಿನಲ್ಲಿ, ರೆಕಾರ್ಡಿಂಗಿನಲ್ಲಿ ಕೂತು ಕೇಳುವುದಕ್ಕೆ ಲಿಸನ್ ಟು. ‘ಪ್ರಿಯ ಕೇಳುಗರೇ’ ಅಂತ ಕರೆಯುತ್ತಾರಲ್ಲ, ಆ ಕೇಳುಗರು ಲಿಸನರ್ಸ್.

ಮೂರನೆಯದು ‘ಕೇಳೋಕೆ ಇಂಪಾಗಿದೆ’. ಇಲ್ಲಿ ಎರಡೂ ಪದ ಬೇಡ. ಇಟ್ ಸೌಂಡ್ಸ್ ಸ್ವೀಟ್.

ಇನ್ನು "ಮಗ ಮಾತೇ ಕೇಳಲ್ಲ" ಅನ್ನುವುದು. ಅಲ್ಲಿ ‘ಕೇಳು’ ಅಂದರೆ ಹೇಳಿದ ಹಾಗೆ ನಡೆದುಕೊಳ್ಳುವುದು. ಇಂಗ್ಲಿಷಿನಲ್ಲೂ ಅದೇ ಜಾಡು: ಹಿ ಡಸಂಟ್ ಲಿಸನ್ ಟು ಮಿ. ಇಲ್ಲಿ ಹಿಯರ್ ಹಾಕಿದರೆ ಮಗನಿಗೆ ಕಿವಿ ಮಂದ ಅನ್ನುವ ಅರ್ಥ ಬರುತ್ತದೆ.

ಹೆಜ್ಜೆ 6: ತಪ್ಪಿದರೆ ನಷ್ಟ ಆಗುವ ಕಡೆ ಮೊದಲೇ ತಯಾರಾಗಿ

ನಮ್ಮ ಜಿಲ್ಲೆಯಿಂದ ನರ್ಸಿಂಗ್ ಓದಿ ಹೊರಗೆ ಹೋಗುವ ಹೆಣ್ಣುಮಕ್ಕಳು ಬಹಳ. ಅವರಿಗೆ ನಾನು ಇದನ್ನು ಎರಡೆರಡು ಸಲ ಹೇಳುತ್ತೇನೆ. ರೋಗಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ ಅಂತ ಚೀಟಿಯಲ್ಲಿ ಬರೆಯಬೇಕಾದರೆ "ಪೇಶಂಟ್ ಈಸ್ ಹಾರ್ಡ್ ಆಫ್ ಹಿಯರಿಂಗ್" ಅಂತ ಬರೆಯಿರಿ. "ಪೇಶಂಟ್ ಈಸ್ ನಾಟ್ ಲಿಸನಿಂಗ್" ಅಂತ ಬರೆದರೆ ಹೇಳಿದ ಮಾತು ಕೇಳದ ಹಟಮಾರಿ ಅಂತ ಆಗುತ್ತದೆ. ಮುಂದಿನ ಪಾಳಿಯವರು ಅದನ್ನು ಓದಿ ಆ ಮುದುಕಮ್ಮನ ಮೇಲೆ ರೇಗಬಹುದು. ಪಾಪ, ಅವರಿಗೆ ಬೇಕಾಗಿದ್ದು ಸ್ವಲ್ಪ ಜೋರಾದ ದನಿ.

ಹಾಗೇ ಹಿಯರಿಂಗ್ ಟೆಸ್ಟ್ ಬೇರೆ, ಲಿಸನಿಂಗ್ ಟೆಸ್ಟ್ ಬೇರೆ. ಮೊದಲನೆಯದು ಕಿವಿ ಡಾಕ್ಟರ ಹತ್ತಿರ ಮಾಡಿಸುವುದು. ಎರಡನೆಯದು ಹೊರದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆಗಳಲ್ಲಿ ಇರುವುದು. ಐಇಎಲ್‌ಟಿಎಸ್‌ನ ಆ ಭಾಗದಲ್ಲಿ 40 ಪ್ರಶ್ನೆಗಳು, ಸುಮಾರು 30 ನಿಮಿಷದ ಧ್ವನಿ, ಅದನ್ನೂ ಒಂದೇ ಸಲ ಹಾಕುತ್ತಾರೆ. ಕಿವಿಗೆ ಬಿದ್ದರೆ ಸಾಲದು, ಕಿವಿ ಕೊಟ್ಟಿರಬೇಕು. ಹೆಸರಿನಲ್ಲೇ ಅದು ಇದೆ. ಕಿವಿಗೆ ಹಾಕಿಕೊಳ್ಳುವ ಮಿಷನ್ನು ಹಿಯರಿಂಗ್ ಏಡ್. ಡಾಕ್ಟರು ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳುವುದು ಲಿಸನ್.

ಕೋರ್ಟಿನಲ್ಲಿ "ನಾಳೆ ಹಿಯರಿಂಗ್ ಇದೆ" ಅನ್ನುತ್ತೇವೆ. ಜಡ್ಜ್ ಗಮನ ಕೊಟ್ಟೇ ಕೇಳುತ್ತಾರೆ, ಆದರೂ ಲಿಸನಿಂಗ್ ಅನ್ನುವುದಿಲ್ಲ. ಅದು ಕಾನೂನಿನ ಹಳೆಯ ರೂಢಿ, ಹಾಗೇ ಇಟ್ಟುಕೊಳ್ಳಿ. ಅಲ್ಲಿ "ದ ಜಡ್ಜ್ ಈಸ್ ಹಿಯರಿಂಗ್ ದ ಕೇಸ್" ಕೂಡ ಸರಿಯೇ.

ಫೋನ್ ಇಂಟರ್‌ವ್ಯೂ ಇರುವವರು ಈ ನಾಲ್ಕು ಮಾತು ನಾಲಿಗೆ ತುದಿಯಲ್ಲಿ ಇಟ್ಟುಕೊಂಡು ಹೋಗಿ. ಗಾಬರಿಯಲ್ಲಿ ಯೋಚನೆ ಮಾಡುವುದಕ್ಕೆ ಆಗುವುದಿಲ್ಲ.

ಸಾರಿ, ಐ ಕಾಂಟ್ ಹಿಯರ್ ಯೂ.
ಕುಡ್ ಯೂ ಸೇ ದಟ್ ಅಗೇನ್, ಪ್ಲೀಸ್?
ಐ ಡಿಡಂಟ್ ಹಿಯರ್ ದ ಲಾಸ್ಟ್ ಪಾರ್ಟ್.
ಯೆಸ್, ಪ್ಲೀಸ್ ಗೋ ಆನ್, ಐ ಆಮ್ ಲಿಸನಿಂಗ್.

ಆನ್‌ಲೈನ್ ತರಗತಿಗಳಿಂದ "ಆಮ್ ಐ ಆಡಿಬಲ್?" ಅನ್ನುವುದು ರೂಢಿಗೆ ಬಂದಿದೆ. ತಪ್ಪೇನಿಲ್ಲ. ಆದರೆ "ಕ್ಯಾನ್ ಯೂ ಹಿಯರ್ ಮಿ?" ಹೆಚ್ಚು ಸಹಜ.

ಹೆಜ್ಜೆ 7: ಉಚ್ಚಾರ, ಸ್ಪೆಲ್ಲಿಂಗ್

ನಮ್ಮ ಕಡೆ ಮಾತಿನಲ್ಲಿ ಹಕಾರ ಜಾರುತ್ತದೆ. ಹಾಲು ‘ಆಲು’ ಆಗುತ್ತದೆ, ಹಾಸನ ‘ಆಸನ’ ಆಗುತ್ತದೆ. ಕನ್ನಡದಲ್ಲಿ ಅದು ನಮ್ಮ ನೆಲದ ಸೊಗಡು, ನಾಚಿಕೆ ಪಡುವಂಥದ್ದಲ್ಲ. ಆದರೆ ಹಿಯರ್‌ನಲ್ಲಿ ಹಕಾರ ಹೋದರೆ ಉಳಿಯುವುದು ‘ಇಯರ್’, ಅಂದರೆ ಕಿವಿ. ಅಂಗೈಯನ್ನು ಬಾಯಿ ಮುಂದೆ ಹಿಡಿದು ಹೇಳಿ. ಅಂಗೈಗೆ ಬಿಸಿ ಗಾಳಿ ತಾಗಿದರೆ ಹಕಾರ ಬಂದಿದೆ.

ಸ್ಪೆಲ್ಲಿಂಗಿಗೂ ಇದೇ ಗುರುತು. ಎಚ್ ಬರೆದು ಪಕ್ಕದಲ್ಲಿ ಕಿವಿಯ ಸ್ಪೆಲ್ಲಿಂಗ್ ಬರೆಯಿರಿ: ಇ, ಎ, ಆರ್. ‘ಇಲ್ಲಿ’ ಅನ್ನುವ ಅರ್ಥದ ಇನ್ನೊಂದು ಹಿಯರ್ ಇದೆ, ಉಚ್ಚಾರ ಒಂದೇ, ಅದರಲ್ಲಿ ಕಿವಿ ಇಲ್ಲ. ಭೂತಕಾಲ ‘ಹಿಯರ್ಡ್’ ಅಲ್ಲ, ‘ಹರ್ಡ್’. ದನದ ಹಿಂಡಿಗೆ ಹೇಳುವ ಪದದ ಉಚ್ಚಾರವೂ ಇದೇ.

ಲಿಸನ್‌ನಲ್ಲಿ ಬರೆಯುವ ಟಿ ಬಾಯಿಗೆ ಬರುವುದಿಲ್ಲ. ಕ್ಯಾಸಲ್, ವಿಸಲ್ ಪದಗಳಲ್ಲೂ ಹಾಗೇ.

ಹೆಜ್ಜೆ 8: ಕೈಯಾರೆ ಮಾಡಿ ನೋಡಿ

ಬಿ.ಎಚ್. ರಸ್ತೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಹತ್ತು ನಿಮಿಷ ಸುಮ್ನೆ ನಿಲ್ಲಿ. ತಾನಾಗಿ ಕಿವಿಗೆ ಬಿದ್ದ ಐದು ಸದ್ದು ಬರೆಯಿರಿ, ‘ಐ ಹರ್ಡ್’ ಹಾಕಿ. ಆಮೇಲೆ ಅದರಲ್ಲಿ ಒಂದನ್ನು ಆರಿಸಿ, ಎರಡು ನಿಮಿಷ ಅದಕ್ಕೇ ಕಿವಿ ಕೊಡಿ. ಈಗ ‘ಐ ಲಿಸನ್ಡ್ ಟು’ ಹಾಕಿ ಒಂದು ಸಾಲು ಬರೆಯಿರಿ. ವಾರ ಪೂರ್ತಿ ಮಾಡಿದರೆ ಪದಗಳು ತಾವಾಗಿ ಜಾಗ ಹಿಡಿಯುತ್ತವೆ.

ಮನೆಯಲ್ಲಿ ಮಾಡುವುದಕ್ಕೆ ನಾನು ಐದು ವಾಕ್ಯ ಕೊಡುತ್ತೇನೆ. ಉತ್ತರ ಕೈಯಿಂದ ಮುಚ್ಚಿಕೊಂಡು ಮಾಡಿ.

"ಪಕ್ಕದ ಮನೆ ಟಿವಿ ಇಲ್ಲಿಗೂ ಕೇಳಿಸ್ತಾ ಇದೆ." ವಿ ಕ್ಯಾನ್ ಹಿಯರ್ ದ ನೇಬರ್ಸ್ ಟಿವಿ ಫ್ರಮ್ ಹಿಯರ್. ಎರಡು ಹಿಯರ್, ಎರಡು ಸ್ಪೆಲ್ಲಿಂಗ್.

"ಈ ಬಸ್ಸು ಕುಣಿಗಲ್‌ಗೆ ಹೋಗುತ್ತಾ ಅಂತ ಕಂಡಕ್ಟರ್‌ನ ಕೇಳು." ಆಸ್ಕ್ ದ ಕಂಡಕ್ಟರ್ ಇಫ್ ದಿಸ್ ಬಸ್ ಗೋಸ್ ಟು ಕುಣಿಗಲ್. ಕಂಡಕ್ಟರ್‌ಗೆ ‘ಟು’ ಇಲ್ಲ, ಕುಣಿಗಲ್‌ಗೆ ಇದೆ.

"ಎಷ್ಟು ಹೇಳಿದರೂ ಅವನು ಕೇಳಲಿಲ್ಲ." ಐ ಟೋಲ್ಡ್ ಹಿಮ್ ಮೆನಿ ಟೈಮ್ಸ್, ಬಟ್ ಹಿ ಡಿಡಂಟ್ ಲಿಸನ್.

"ಅವರು ಮಾತಾಡ್ತಾ ಇದ್ದದ್ದು ಅಕಸ್ಮಾತ್ ಕಿವಿಗೆ ಬಿತ್ತು." ಐ ಓವರ್‌ಹರ್ಡ್ ದೆಮ್ ಟಾಕಿಂಗ್. ನಮಗೆ ಹೇಳದ ಮಾತು ಕಿವಿಗೆ ಬಿದ್ದರೆ ಈ ಪದ.

ಐದನೆಯ ವಾಕ್ಯ ನನ್ನದಲ್ಲ. ರೈಲು ನಿಲ್ದಾಣದ ಆ ಹುಡುಗ ಒಂದು ವಾರ ಅಭ್ಯಾಸ ಮಾಡಿ, ತಾನೇ ಕನ್ನಡದಲ್ಲಿ ಬರೆದು, ಇಂಗ್ಲಿಷಿಗೆ ತಂದು ತೋರಿಸಿದ್ದು. "ನಾನು ಕೇಳ್ತಾನೇ ಇದ್ದೆ ಸರ್, ನನಗೆ ಕೇಳಿಸಲಿಲ್ಲ." ಐ ವಾಸ್ ಲಿಸನಿಂಗ್, ಸರ್, ಬಟ್ ಐ ಕುಡಂಟ್ ಹಿಯರ್ ಯೂ.